ಗೇರ್‌ಪೆಟ್ಟಿಗೆಗೂ ಉಂಟು ರಕ್ತದ ಗುಂಪು

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರಿನ ಬಿಡಿಭಾಗ ಮಾರುವ ಅಂಗಡಿಗಳ ಸಾಲೇ ಇದೆ. ಅಂಥ ಒಂದು ಅಂಗಡಿಯ ಮುಂದೆ ಅಪ್ಪ, ಮಗಳು ನಿಂತಿದ್ದಾರೆ ಎಂದುಕೊಳ್ಳಿ. ಅಪ್ಪ ಬ್ಯಾಂಕ್ ನೌಕರ. ಮಗಳು ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ. ಜೀವಮಾನದಲ್ಲಿ ಒಮ್ಮೆಯಾದರೂ ಬೆಂಜ್ ಕಾರು ಇಟ್ಟುಕೊಳ್ಳಬೇಕೆಂಬುದು ಅಪ್ಪನ ಹಳೆಯ ಆಸೆ. ಹೊಸದಾಗಿದ್ದಾಗ ಒಂದು ಮನೆಯ ಬೆಲೆ ಬಾಳುತ್ತಿದ್ದ 2010ರ ಇ-ಕ್ಲಾಸ್ ಕಾರು ಈಗ ಹೊಸ ಸಣ್ಣ ಕಾರಿನ ದರಕ್ಕೆ ಸಿಕ್ಕಿದೆ. ಮಗಳ ಕಾಲೇಜು ಫೀಸಿಗೆಂದು ಕೂಡಿಟ್ಟ ಹಣದಲ್ಲಿ ಒಂದು ಪಾಲು ಅದಕ್ಕೆ ಹೋಗಿದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಕಾರು ಬಂದು ತಿಂಗಳಾಗಿದೆ. ಎರಡರಿಂದ ಮೂರನೇ ಗೇರಿಗೆ ಬೀಳುವಾಗ ಸಣ್ಣ ತಡವರಿಕೆ. ಪಕ್ಕದ ಬೀದಿಯ ಮೆಕ್ಯಾನಿಕ್ ಒಂದು ಸುತ್ತು ಓಡಿಸಿ ನೋಡಿ, "ಗೇರ್ ಎಣ್ಣೆ ಯಾವ ಕಾಲದ್ದೋ ಏನೋ ಸಾರ್, ಮೊದಲು ಅದನ್ನ ಬದಲಾಯಿಸಿ" ಎಂದಿದ್ದಾನೆ. ಅದಕ್ಕೇ ಈ ಅಂಗಡಿಗೆ ಬಂದದ್ದು.

ಅಂಗಡಿಯವರು ಕೆಂಪು ಎಣ್ಣೆಯ ಡಬ್ಬವೊಂದನ್ನು ಕೌಂಟರಿನ ಮೇಲೆ ಇಟ್ಟರು. "ಆಟೋಮ್ಯಾಟಿಕ್ ಗಾಡಿಗೆ ಇದೇ ಸಾರ್. ಕೆಂಪೆಣ್ಣೆ ಎಲ್ಲಾ ಒಂದೇ. ಇದು ಸ್ವಲ್ಪ ಕಡಿಮೆ ರೇಟು, ಅದು ಸ್ವಲ್ಪ ಜಾಸ್ತಿ."

"ಎಲ್ಲಾ ಒಂದೇ ಆದ್ರೆ ಡಬ್ಬದ ಮೇಲೆ ಬೇರೆ ಬೇರೆ ನಂಬರ್ ಯಾಕೆ ಅಂಕಲ್?" ಎಂದಳು ಮಗಳು.

ಅಂಗಡಿಯವರು ನಕ್ಕರು. ಅವರೇನೂ ಮೋಸ ಮಾಡುತ್ತಿರಲಿಲ್ಲ. ಹಲವು ವರ್ಷ ಹಲವು ಕಾರುಗಳಿಗೆ ಆ ಮಾತು ನಡೆದಿರಲೂಬಹುದು. ಆದರೆ ಹುಡುಗಿಯ ಪ್ರಶ್ನೆ ಸರಿಯಾಗಿತ್ತು. ಎಲ್ಲರ ರಕ್ತವೂ ಕೆಂಪೇ. ಹಾಗೆಂದು ಆಸ್ಪತ್ರೆಯಲ್ಲಿ ಗುಂಪು ನೋಡದೆ ಯಾರೂ ರಕ್ತ ಏರಿಸುವುದಿಲ್ಲ. ಆಟೋಮ್ಯಾಟಿಕ್ ಗೇರ್‌ಪೆಟ್ಟಿಗೆಯ ದ್ರವಕ್ಕೂ ಅಂಥ ಗುಂಪುಗಳಿವೆ. ಅಂದಹಾಗೆ, ಅದಕ್ಕೆ ಕೆಂಪು ಬಣ್ಣ ಹಾಕತೊಡಗಿದ್ದು ಕಾರಿನ ಕೆಳಗೆ ಸೋರಿ ಬಿದ್ದಾಗ ಎಂಜಿನ್ ಆಯಿಲ್ ಯಾವುದು, ಗೇರ್‌ಪೆಟ್ಟಿಗೆಯದು ಯಾವುದು ಎಂದು ಕಣ್ಣಿಗೆ ತಿಳಿಯಲೆಂದು. ಬಣ್ಣಕ್ಕೂ ಗುಣಕ್ಕೂ ಸಂಬಂಧವಿಲ್ಲ.

ಸಾಮಾನ್ಯ ಕಾರಿನ ಗೇರ್‌ಪೆಟ್ಟಿಗೆಯಲ್ಲಿ ಎಣ್ಣೆಗೆ ಹೆಚ್ಚಿನ ಕೆಲಸವಿಲ್ಲ. ಹಲ್ಲುಚಕ್ರಗಳು ಸವೆಯದಂತೆ ನೋಡಿಕೊಂಡರೆ ಸಾಕು. ಆಟೋಮ್ಯಾಟಿಕ್‌ನಲ್ಲಿ ಹಾಗಲ್ಲ. ಅಲ್ಲಿ ಎಣ್ಣೆಯೇ ಯಂತ್ರದ ಒಂದು ಭಾಗ. ಎರಡು ಟೇಬಲ್ ಫ್ಯಾನ್‌ಗಳನ್ನು ಎದುರುಬದುರಾಗಿಟ್ಟು ಒಂದಕ್ಕೆ ಮಾತ್ರ ಕರೆಂಟು ಕೊಟ್ಟರೆ ಇನ್ನೊಂದು ಗಾಳಿಯ ಹೊಡೆತಕ್ಕೆ ತಾನಾಗಿ ತಿರುಗತೊಡಗುತ್ತದೆ. ಗಾಳಿಯ ಬದಲು ಎಣ್ಣೆ ತುಂಬಿ, ಎರಡನ್ನೂ ಒಂದು ಮುಚ್ಚಿದ ಡೋಲಿನೊಳಗೆ ಕೂರಿಸಿ. ಅದು ಟಾರ್ಕ್ ಕನ್ವರ್ಟರ್‌ನ ಮೂಲ ತತ್ತ್ವ. ಜರ್ಮನಿಯ ಹರ್ಮನ್ ಫಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಹಡಗುಗಳಿಗಾಗಿ. ಕಾರಿಗೆ ಬಂದದ್ದು ಆಮೇಲೆ. ಎಂಜಿನ್ ಒಂದು ಚಕ್ರವನ್ನು ತಿರುಗಿಸುತ್ತದೆ, ಅದು ಎಣ್ಣೆಯನ್ನು ಎಸೆಯುತ್ತದೆ, ಎಣ್ಣೆ ಇನ್ನೊಂದು ಚಕ್ರವನ್ನು ತಿರುಗಿಸುತ್ತದೆ. ಕಾರು ಸಿಗ್ನಲ್ಲಿನಲ್ಲಿ ಗೇರಿನಲ್ಲಿದ್ದೂ ನಿಂತಿರಬಲ್ಲದು ಎಂದರೆ ಆ ಎಣ್ಣೆಯ ಜಾರುವಿಕೆಯೇ ಕಾರಣ.

ಅದೇ ಎಣ್ಣೆ ಪಂಪಿನಿಂದ ಒತ್ತಡ ಪಡೆದು ಕವಾಟಗಳನ್ನು ಸರಿಸಿ ಗೇರು ಬದಲಾಯಿಸುತ್ತದೆ. ಅದೇ ಎಣ್ಣೆ ಬಿಸಿಯನ್ನು ಹೊತ್ತು ಕೂಲರ್‌ಗೆ ಒಯ್ಯುತ್ತದೆ. ಹಲ್ಲುಚಕ್ರಗಳಿಗೆ ನಯ ಕೊಡುವುದೂ ಅದೇ. ಇವೆಲ್ಲಕ್ಕಿಂತ ಕಷ್ಟದ ಕೆಲಸ ಇನ್ನೊಂದಿದೆ: ಕ್ಲಚ್ ಪ್ಲೇಟ್‌ಗಳ ಹಿಡಿತ.

ಆಟೋಮ್ಯಾಟಿಕ್ ಪೆಟ್ಟಿಗೆಯ ಕ್ಲಚ್‌ಗಳು ಎಣ್ಣೆಯಲ್ಲಿ ಮುಳುಗಿಯೇ ಇರುತ್ತವೆ. ಉಕ್ಕಿನ ಬಿಲ್ಲೆ, ಕಾಗದದಂಥ ನಾರಿನ ಪದರ ಹಚ್ಚಿದ ಬಿಲ್ಲೆ, ಮತ್ತೆ ಉಕ್ಕಿನದು, ಹೀಗೆ ಒಂದರ ಮೇಲೊಂದು. ಒತ್ತಡ ಬಿದ್ದಾಗ ಅವು ಒಂದನ್ನೊಂದು ಹಿಡಿಯಬೇಕು. ಕೈಗೆ ಎಣ್ಣೆ ಹಚ್ಚಿಕೊಂಡ ಇಬ್ಬರು ಗಟ್ಟಿಯಾಗಿ ಕೈಕುಲುಕಬೇಕು, ಕೈ ಜಾರಬಾರದು, ಆದರೆ ತೋಳಿಗೆ ಜಗ್ಗಿದಂತೆಯೂ ಆಗಬಾರದು ಎಂದರೆ ಹೇಗೋ ಹಾಗೆ. ಒಂದೇ ಎಣ್ಣೆ ಒಂದೆಡೆ ಘರ್ಷಣೆ ಕಡಿಮೆ ಮಾಡಬೇಕು, ಒಂದು ಮಾರು ಆಚೆ ಘರ್ಷಣೆ ಉಳಿಸಿಕೊಡಬೇಕು! ಇದಕ್ಕಾಗಿ ಎಣ್ಣೆಗೆ ಬೆರೆಸುವ ರಾಸಾಯನಿಕಗಳೇ ಒಂದು ಎಟಿಎಫ್ ಅನ್ನು ಇನ್ನೊಂದರಿಂದ ಬೇರೆ ಮಾಡುವುದು. ಎಟಿಎಫ್ ಎಂದರೆ ಆಟೋಮ್ಯಾಟಿಕ್ ಟ್ರಾನ್ಸ್‌ಮಿಶನ್ ಫ್ಲೂಯಿಡ್.

ಪಿಯುಸಿ ಭೌತಶಾಸ್ತ್ರ ಓದಿದವರಿಗೆ ಸ್ಥಿರ ಘರ್ಷಣೆ, ಚಲನ ಘರ್ಷಣೆ ಎಂಬ ಎರಡು ಮಾತು ಹೊಸದಲ್ಲ. ಕರಿಹಲಗೆಯ ಮೇಲೆ ಸೀಮೆಸುಣ್ಣ ಕಿರ್ರೆನ್ನುವುದು ಏಕೆ? ಸುಣ್ಣದ ಕಡ್ಡಿ ಒಂದು ಕ್ಷಣ ಅಂಟಿ ನಿಲ್ಲುತ್ತದೆ, ಮರುಕ್ಷಣ ಜಾರುತ್ತದೆ, ಮತ್ತೆ ಅಂಟುತ್ತದೆ. ಸೆಕೆಂಡಿಗೆ ನೂರಾರು ಸಲ. ನಿಂತಾಗಿನ ಘರ್ಷಣೆ ಜಾರುವಾಗಿನದಕ್ಕಿಂತ ಬಹಳ ಹೆಚ್ಚಾಗಿದ್ದರೆ ಹೀಗಾಗುತ್ತದೆ. ಟಾರ್ಕ್ ಕನ್ವರ್ಟರ್‌ನೊಳಗಿನ ಕ್ಲಚ್ಚು ತಪ್ಪು ಎಣ್ಣೆಯಲ್ಲಿ ಮಾಡುವುದೂ ಇದನ್ನೇ. ಒಂದೇ ವೇಗದಲ್ಲಿ ಹೋಗುತ್ತಿರುವ ಕಾರು ಹೆದ್ದಾರಿಯ ಸಾಲುಗೆರೆ ಉಬ್ಬುಗಳ ಮೇಲೆ ಹಾಯ್ದಂತೆ ಸಣ್ಣಗೆ ನಡುಗುತ್ತದೆ. ಎಂಜಿನ್ ಕೆಟ್ಟಿತೆಂದು ಪ್ಲಗ್ಗು, ಇಂಜೆಕ್ಟರು ಬದಲಾಯಿಸಿ ಹಣ ಕಳೆದುಕೊಂಡವರುಂಟು.

ಇನ್ನು ಇತಿಹಾಸ. ಅಮೆರಿಕದ ಜನರಲ್ ಮೋಟಾರ್ಸ್ 1939ರಲ್ಲಿ ಹೈಡ್ರಾಮ್ಯಾಟಿಕ್ ಎಂಬ ಪೆಟ್ಟಿಗೆಯನ್ನು 1940ರ ಓಲ್ಡ್ಸ್‌ಮೊಬೀಲ್ ಕಾರುಗಳಿಗೆ ಅಳವಡಿಸಿತು. ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ಪೂರ್ಣ ಆಟೋಮ್ಯಾಟಿಕ್ ಅದು. 1949ರಲ್ಲಿ ಅದರ ದ್ರವಕ್ಕೊಂದು ನಿರ್ದಿಷ್ಟ ಮಾನದಂಡ ಬಂತು: ಟೈಪ್ ಎ. ಆಗ ಅಂಗಡಿಯವರ ಮಾತು ಬಹುಪಾಲು ನಿಜವಿತ್ತು. 1960ರ ದಶಕದಲ್ಲಿ ದಾರಿಗಳು ಬೇರೆಯಾದವು. ಫೋರ್ಡ್ ತನ್ನ ಪೆಟ್ಟಿಗೆಗೆ ಟೈಪ್ ಎಫ್ ಎಂಬುದನ್ನು ತಂದಿತು. ಬಿಲ್ಲೆಗಳ ಜಾರುವ ವೇಗ ಇಳಿದಂತೆ ಇದರಲ್ಲಿ ಹಿಡಿತ ಏರಿ ಕ್ಲಚ್ ಥಟ್ಟನೆ ಕಚ್ಚಿಕೊಳ್ಳುತ್ತಿತ್ತು. ಜನರಲ್ ಮೋಟಾರ್ಸ್‌ನ ಡೆಕ್ಸ್‌ರಾನ್ ಇದಕ್ಕೆ ತದ್ವಿರುದ್ಧ. ಮೆತ್ತಗೆ ಹಿಡಿಯಲೆಂದೇ ಮಾಡಿದ್ದು. ಎರಡೂ ಕೆಂಪು. ಅದನ್ನಿದಕ್ಕೆ ಹಾಕಿದರೆ ಗೇರು ಒದೆಯುತ್ತಿತ್ತು, ಇದನ್ನದಕ್ಕೆ ಹಾಕಿದರೆ ಕ್ಲಚ್ ಜಾರಿ ಜಾರಿ ಸುಡುತ್ತಿತ್ತು.

ಆ ಕಾಲದ ದ್ರವಕ್ಕೆ ಮೆತ್ತನೆಯ ಗುಣ ಬರುತ್ತಿದ್ದದ್ದು ಎಲ್ಲಿಂದ ಎಂದರೆ ಸಮುದ್ರದಿಂದ! ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಅದಕ್ಕೆ ಬೆರೆಸುತ್ತಿದ್ದರು. ಬಿಸಿಗೂ ಒತ್ತಡಕ್ಕೂ ಅದು ಚೆನ್ನಾಗಿ ತಡೆಯುತ್ತಿತ್ತು. 1970ರಲ್ಲಿ ಅಮೆರಿಕ ಸರ್ಕಾರ ಈ ತಿಮಿಂಗಿಲವನ್ನು ಅಳಿವಿನ ಅಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿದ ಮೇಲೆ ತಯಾರಕರು ಬದಲಿ ಹುಡುಕಬೇಕಾಯಿತು. ಹೊಸ ಡೆಕ್ಸ್‌ರಾನ್ ಬಂತು. ಅದು ಕೂಲರ್‌ನ ಬೆಸುಗೆಯನ್ನು ತಿನ್ನತೊಡಗಿತು. ತುಕ್ಕು ತಡೆಯುವ ರಾಸಾಯನಿಕ ಸೇರಿಸಿ ಮತ್ತೆ ತಿದ್ದಬೇಕಾಯಿತು. ಒಂದು ಪದಾರ್ಥ ತೆಗೆದರೆ ಇನ್ನೆಲ್ಲೋ ಒಂದು ಕಡೆ ಗಂಟು ಬಿಚ್ಚುತ್ತದೆ. ಗೇರು ಪೆಟ್ಟಿಗೆಯ ದ್ರವದ ವಿಷಯದಲ್ಲಿ ಎಂಜಿನಿಯರುಗಳು ಇಷ್ಟು ಮಡಿ ಮಾಡುವುದು ಸುಮ್ಮನೆ ಅಲ್ಲ.

ಅಪ್ಪನ ಕಾರಿಗೆ ಬರೋಣವೆಂದರೆ ಅಲ್ಲೊಂದು ಬಲೆ ಇದೆ. ಅವರದು ಇ 250 ಸಿಡಿಐ, 2010ರದು. ಈ ಮಾದರಿ ಮೊದಲು ಬಂದದ್ದು ಐದು ಗೇರಿನ ಪೆಟ್ಟಿಗೆಯೊಂದಿಗೆ. ಕಂಪನಿಯ ಲೆಕ್ಕದಲ್ಲಿ ಅದರ ಸಂಖ್ಯೆ 722.6. ಈ ಕುಟುಂಬದ ಪೆಟ್ಟಿಗೆ 1996ರಿಂದ ಬಳಕೆಯಲ್ಲಿತ್ತು. 2011ರಲ್ಲಿ ಅದೇ ಮಾದರಿಗೆ, ಹೊರಗಿನಿಂದ ನೋಡಿದರೆ ಗುರುತೇ ಸಿಗದಂತೆ, ಏಳು ಗೇರಿನ 722.9ರ ಸುಧಾರಿತ ಪೆಟ್ಟಿಗೆ ಬಂತು. ಮೊದಲಿನದಕ್ಕೆ ಬೇಕಾದದ್ದು 236.14 ಎಂಬ ಸಂಖ್ಯೆಯ ಕೆಂಪು ದ್ರವ. ಎರಡನೆಯದಕ್ಕೆ 236.15, ಅದು ಇನ್ನೂ ತೆಳು, ಬಣ್ಣ ನೀಲಿ. ಒಂದು ಸಂಖ್ಯೆಯ ವ್ಯತ್ಯಾಸ, ಅಷ್ಟೆ. ಮಾರಾಟದ ಜಾಹೀರಾತಿನಲ್ಲಿ ಎರಡೂ ಕಾರಿನ ಹೆಸರು ಒಂದೇ! ಆದ್ದರಿಂದ "ಬೆಂಜ್ ಇ-ಕ್ಲಾಸ್‌ಗೆ ಎಣ್ಣೆ ಕೊಡಿ" ಎಂದು ಕೇಳುವುದು "ನಮ್ಮ ಅಣ್ಣನಿಗೆ ರಕ್ತ ಕೊಡಿ" ಎಂದು ಕೇಳಿದಂತೆ.

ಯಾವ ಪೆಟ್ಟಿಗೆ ಎಂದು ತಿಳಿಯುವುದು ಕಷ್ಟವೇನಲ್ಲ. ನೋಂದಣಿ ಪತ್ರದಲ್ಲಿ ಚಾಸಿ ನಂಬರ್ ಇರುತ್ತದೆ. ಅದನ್ನು ಕೊಟ್ಟರೆ ಅಧಿಕೃತ ಡೀಲರು ಆ ಕಾರು ಕಾರ್ಖಾನೆಯಿಂದ ಯಾವ ಪೆಟ್ಟಿಗೆಯೊಂದಿಗೆ ಹೊರಬಂತೆಂದು ಹೇಳಬಲ್ಲರು. ಗೇರ್‌ಪೆಟ್ಟಿಗೆಯ ಲೋಹದ ಕವಚದ ಮೇಲೂ ಅಂಕಿ ಒತ್ತಿರುತ್ತದೆ. ಕಾರು ಮೇಲೆತ್ತಿ ಕೆಸರು ಒರೆಸಿದರೆ 722 ಎಂದು ಓದಬಹುದು. ಹಳೆಯ ಕಾರಿನಲ್ಲಿ ಈ ಎರಡನೆಯ ಪರೀಕ್ಷೆ ಮಾಡುವುದು ಒಳ್ಳೆಯದು. ಹಿಂದಿನ ಮಾಲೀಕ ಪೆಟ್ಟಿಗೆಯನ್ನೇ ಬದಲಾಯಿಸಿದ್ದರೆ ಕಾಗದ ಒಂದು ಹೇಳುತ್ತದೆ, ಕಬ್ಬಿಣ ಇನ್ನೊಂದು ಹೇಳುತ್ತದೆ.

ಬೇರೆ ಕಂಪನಿಗಳದ್ದೂ ಇದೇ ಕಥೆ. ಬಿಎಂಡಬ್ಲ್ಯೂ ಕಾರುಗಳಲ್ಲಿ ಹೆಚ್ಚಾಗಿ ಕಾಣುವುದು ಜರ್ಮನಿಯ ಜೆಡ್‌ಎಫ್ ಕಂಪನಿಯ ಪೆಟ್ಟಿಗೆಗಳು. ಐದು, ಆರು, ಎಂಟು ಗೇರಿನವಕ್ಕೆ ಬೇರೆ ಬೇರೆ ದ್ರವ, ಎಂಟರದು ಹಸಿರು. ಲೆಕ್ಸಸ್ ಮತ್ತು ಟೊಯೋಟದಲ್ಲಿ ಹಳೆಯವಕ್ಕೆ ಟೈಪ್ ಟಿ-ಫೋರ್, ಹೊಸವಕ್ಕೆ ಡಬ್ಲ್ಯೂಎಸ್. ಸಿವಿಟಿ ಎಂಬ ಬೆಲ್ಟ್ ಅಥವಾ ಸರಪಳಿಯ ಪೆಟ್ಟಿಗೆಯಿದ್ದರಂತೂ ಸಾಮಾನ್ಯ ಎಟಿಎಫ್ ಹತ್ತಿರವೂ ಸುಳಿಯಬಾರದು. ಅಲ್ಲಿ ಲೋಹವೇ ಲೋಹವನ್ನು ಹಿಡಿದು ತಿರುಗಿಸಬೇಕು. ಅದರ ದ್ರವದ ಜಾತಿಯೇ ಬೇರೆ. ಗೇರ್ ಲಿವರಿನಲ್ಲಿ ಮಾತ್ರ ಎಲ್ಲ ಕಾರಿನಲ್ಲೂ ಒಂದೇ ಪಿ, ಆರ್, ಎನ್, ಡಿ!

ಸಂಖ್ಯೆ ತಿಳಿದ ಮೇಲೆ ಡಬ್ಬದ ಮೇಲಿನ ಭಾಷೆ ಓದಬೇಕು. ಇಲ್ಲಿ ಇಂಗ್ಲಿಷ್ ಪಾಠಕ್ಕಿಂತ ಹೆಚ್ಚಿನ ಎಚ್ಚರ ಬೇಕು. "ಅಪ್ರೂವ್ಡ್" ಎಂದರೆ ಕಾರಿನ ಕಂಪನಿ ಆ ಎಣ್ಣೆಯನ್ನು ಪರೀಕ್ಷಿಸಿ ಒಪ್ಪಿದೆ ಎಂದರ್ಥ. "ಸೂಟಬಲ್ ಫಾರ್", "ಮೀಟ್ಸ್", "ರೆಕಮೆಂಡೆಡ್ ಫಾರ್" ಎಂದರೆ ಎಣ್ಣೆ ತಯಾರಕನ ಸ್ವಂತ ಮಾತು. ಆ ಮಾತು ಸುಳ್ಳೇ ಆಗಿರಬೇಕಿಲ್ಲ. ಆದರೆ ಒಂದು, ಪರೀಕ್ಷೆಯಲ್ಲಿ ಪಾಸಾದ ಅಂಕಪಟ್ಟಿ. ಇನ್ನೊಂದು, "ಬರೆದಿದ್ದರೆ ಪಾಸಾಗುತ್ತಿದ್ದೆ" ಎಂಬ ಭರವಸೆ. ಇಪ್ಪತ್ತು ಕಾರುಗಳ ಹೆಸರನ್ನು ಒಂದೇ ಡಬ್ಬದ ಮೇಲೆ ಅಚ್ಚು ಹಾಕಿದ್ದಾಗ, ಪರಸ್ಪರ ವಿರುದ್ಧ ಗುಣ ಬೇಡುವ ಎರಡು ಪೆಟ್ಟಿಗೆಗಳು ಅದರಲ್ಲಿದ್ದರೆ ಸಂಶಯಪಡಲು ಸಾಕಷ್ಟು ಕಾರಣವಿದೆ. ಬೆಂಜ್ ತಾನು ಒಪ್ಪಿದ ಎಣ್ಣೆಗಳ ಪಟ್ಟಿಯನ್ನು ಬಹಿರಂಗವಾಗಿಯೇ ಪ್ರಕಟಿಸುತ್ತದೆ. ಆ ಪಟ್ಟಿಯಲ್ಲಿ ಬೇರೆ ಕಂಪನಿಗಳ ಎಣ್ಣೆಯೂ ಇರುವುದರಿಂದ ಕಂಪನಿಯ ಮುದ್ರೆಯ ಡಬ್ಬವನ್ನೇ ದುಬಾರಿ ಕೊಟ್ಟು ಕೊಳ್ಳಬೇಕೆಂದೂ ಇಲ್ಲ.

"ಆದ್ರೆ ಈ ಎಣ್ಣೆ ಜೀವನಪರ್ಯಂತ, ಬದಲಾಯಿಸೋದೇ ಬೇಡ ಅಂತ ಮಾರಿದವರು ಹೇಳಿದ್ರಲ್ಲ" ಎಂದರು ಅಪ್ಪ.

ಯಾರ ಜೀವನ? ಇದು ನಿಜವಾಗಿ ಕೇಳಬೇಕಾದ ಪ್ರಶ್ನೆ. 722.6 ಪೆಟ್ಟಿಗೆ ಹೊಸದಾಗಿ ಬಂದಾಗ ಕಂಪನಿ, ದ್ರವ ಒಮ್ಮೆ ತುಂಬಿದರೆ ಮುಗಿಯಿತು ಎಂದಿತ್ತು. ಎಷ್ಟರಮಟ್ಟಿಗೆಂದರೆ ಎಣ್ಣೆ ನೋಡುವ ಕೊಳವೆ ಇದೆ, ಅದರೊಳಗೆ ಡಿಪ್‌ಸ್ಟಿಕ್ ಇಲ್ಲ! ಬಾಯಿಗೆ ಬೀಗದಂಥ ಮುಚ್ಚಳ. ಕೆಲವು ವರ್ಷಗಳ ನಂತರ ಅದೇ ಕಂಪನಿ ದ್ರವದ ಬದಲಾವಣೆಯನ್ನು ಸರ್ವಿಸ್ ಪಟ್ಟಿಗೆ ಸೇರಿಸಿತು. ಬಿಎಂಡಬ್ಲ್ಯೂ ಕಾರುಗಳಲ್ಲೂ "ಲೈಫ್‌ಟೈಮ್" ಎಂಬ ಚೀಟಿ ಅಂಟಿಸಿ ಬಂದ ಪೆಟ್ಟಿಗೆಗಳಿವೆ. ಅವನ್ನು ತಯಾರಿಸಿದ ಜೆಡ್‌ಎಫ್ ಮಾತ್ರ 80,000ದಿಂದ 1,20,000 ಕಿಲೋಮೀಟರ್ ಅಥವಾ ಎಂಟು ವರ್ಷಕ್ಕೆ ಬದಲಾಯಿಸಿ ಎನ್ನುತ್ತದೆ. ಕಾರನ್ನು ಹೊಸದಾಗಿ ಕೊಂಡು ಐದಾರು ವರ್ಷಕ್ಕೆ ಮಾರುವವರಿಗೆ ಎರಡೂ ಮಾತು ಒಂದೇ. ಮೂರನೆಯ ಮಾಲೀಕನಿಗೆ ಅಲ್ಲ.

ರಸಾಯನಶಾಸ್ತ್ರದ ಪುಸ್ತಕದಲ್ಲಿ ಒಂದು ಸ್ಥೂಲ ನಿಯಮ ಇದೆ: ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಎರಡರಷ್ಟಾಗುತ್ತದೆ. ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಹಳಸುವುದಕ್ಕೂ ಇದು ಅನ್ವಯಿಸುತ್ತದೆ. 80 ಡಿಗ್ರಿಯಲ್ಲಿರಬೇಕಾದ ಎಣ್ಣೆ 110ಕ್ಕೆ ಏರಿದರೆ ಎರಡರ ಮೂರನೇ ಘಾತ, ಅಂದರೆ ಎಂಟುಪಟ್ಟು ಬೇಗ ಮುದಿಯಾಗುತ್ತದೆ. ಸಿಲ್ಕ್ ಬೋರ್ಡ್ ಕಡೆಯ ಸಂಜೆಯ ದಟ್ಟಣೆಯಲ್ಲಿ ಇಂಚಿಂಚು ತೆವಳುವ ಕಾರಿನ ಟಾರ್ಕ್ ಕನ್ವರ್ಟರ್ ಎಣ್ಣೆಯನ್ನು ಸುಮ್ಮನೆ ಕಡೆಯುತ್ತ ಬಿಸಿ ಮಾಡುತ್ತಿರುತ್ತದೆ. ಶಿರಾಡಿ ಘಾಟಿ ಹತ್ತುವಾಗಲೂ ಅಷ್ಟೆ. ಮೀಟರಿನಲ್ಲಿ ಕಡಿಮೆ ಕಿಲೋಮೀಟರ್ ಇದೆ ಎಂಬುದು ಬೆಂಗಳೂರಿನ ಕಾರಿಗೆ ದೊಡ್ಡ ಸಮಾಧಾನವಲ್ಲ.

ಮುದಿ ಎಣ್ಣೆಯನ್ನು ಗುರುತಿಸಲು ಬಿಳಿ ಬಟ್ಟೆಯ ಮೇಲೆ ಒಂದು ಹನಿ ಸಾಕು. ಸ್ವಲ್ಪ ಕಂದು ಬಣ್ಣ ವಯಸ್ಸಿನ ಲಕ್ಷಣ. ಕಪ್ಪಾಗಿ, ಸುಟ್ಟ ವಾಸನೆ ಬಂದರೆ ಕ್ಲಚ್ಚಿನ ನಾರು ಸುಟ್ಟಿದೆ. ಆಯಿಲ್ ಪ್ಯಾನ್ ಎನ್ನುವ ತಳದ ತಟ್ಟೆ ಬಿಚ್ಚಿದಾಗ ಅಲ್ಲಿರುವ ಆಯಸ್ಕಾಂತಕ್ಕೆ ಬೂದು ಬಣ್ಣದ ನಯವಾದ ಹಿಟ್ಟು ಅಂಟಿರುವುದು ಸಹಜ. ಚೂರುಗಳಿದ್ದರೆ ಎಣ್ಣೆಯ ಡಬ್ಬ ಕೊಳ್ಳುವ ಮೊದಲು ಬೇರೆ ಲೆಕ್ಕ ಹಾಕಬೇಕು. ಗುಲಾಬಿ ಹಾಲಿನಂತೆ ಕಂಡರೆ ರೇಡಿಯೇಟರ್ ನೀರು ಬೆರೆತಿದೆ. 2000ದ ದಶಕದ ಮೊದಲ ವರ್ಷಗಳ ಕೆಲವು ಬೆಂಜ್ ಕಾರುಗಳಲ್ಲಿ ರೇಡಿಯೇಟರಿನ ಒಳಗಿನ ಜೋಡಣೆ ಬಿರುಕುಬಿಟ್ಟು ಹೀಗಾಗಿ ಪೆಟ್ಟಿಗೆಗಳು ಹಾಳಾದದ್ದು ತಿಳಿದ ಸಂಗತಿ. ಕೂಲಂಟ್‌ನಲ್ಲಿರುವ ಗ್ಲೈಕಾಲ್ ಕ್ಲಚ್ಚಿನ ಕಾಗದದ ಪದರವನ್ನು ಮೆತ್ತಗೆ ಮಾಡಿ ಕೀಳುತ್ತದೆ.

722.6ರ ಇನ್ನೊಂದು ಚಾಳಿ ವಿದ್ಯಾರ್ಥಿಗಳಿಗೆ ಖುಷಿ ಕೊಡುವಂಥದು, ಮಾಲೀಕರಿಗಲ್ಲ. ಪೆಟ್ಟಿಗೆಗೆ ವಿದ್ಯುತ್ ತಂತಿಗಳು ಸೇರುವ ಪ್ಲಗ್ಗಿನ ರಬ್ಬರ್ ಉಂಗುರ ಹಳತಾದಾಗ ಎಣ್ಣೆ ಅಲ್ಲಿ ಜಿನುಗುತ್ತದೆ. ಜಿನುಗಿ ಕೆಳಗೆ ಬೀಳುವುದಷ್ಟೇ ಅಲ್ಲ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ತಂತಿಯ ಎಳೆಗಳ ನಡುವೆ ಮೇಲೇರಿ, ಕಂಪ್ಯೂಟರ್ ಪೆಟ್ಟಿಗೆಯನ್ನು ತಲುಪುತ್ತದೆ! ಪ್ಲಗ್ಗಿನ ಕವಚ ಅಗ್ಗದ ವಸ್ತು. ಕಂಪ್ಯೂಟರ್ ಅಲ್ಲ. ದ್ರವ ಬದಲಾಯಿಸುವಾಗ ಫಿಲ್ಟರು, ಪ್ಯಾನಿನ ಗ್ಯಾಸ್ಕೆಟ್ಟು, ಈ ಪ್ಲಗ್ಗು ಮೂರನ್ನೂ ಒಟ್ಟಿಗೆ ಬದಲಾಯಿಸುವುದು ಜಾಣತನ.

ಹಳೆಯ ಪೆಟ್ಟಿಗೆಗೆ ಹೊಸ ಎಣ್ಣೆ ಹಾಕಿದರೆ ಅದು ಸತ್ತೇ ಹೋಗುತ್ತದೆ ಎಂಬ ಮಾತು ಗ್ಯಾರೇಜುಗಳಲ್ಲಿ ಕೇಳಿಬರುತ್ತದೆ. ಅದರಲ್ಲಿ ಅರ್ಧ ಸತ್ಯ ಇದೆ. ಕ್ಲಚ್ ಆಗಲೇ ಸವೆದು ಜಾರುತ್ತಿದ್ದರೆ ಯಾವ ಎಣ್ಣೆಯೂ ಅದನ್ನು ಉಳಿಸುವುದಿಲ್ಲ. ಸಾಯುವ ಹೊತ್ತಿಗೆ ಬಂದ ವೈದ್ಯನ ಮೇಲೆ ಅಪವಾದ. ಕಾರು ಇನ್ನೂ ತಡವರಿಸುವ ಹಂತದಲ್ಲಿದ್ದು, ಎಣ್ಣೆಯಲ್ಲಿ ಸುಟ್ಟ ವಾಸನೆ ಇಲ್ಲದಿದ್ದರೆ ಬದಲಾವಣೆಯಿಂದ ಲಾಭವೇ ಹೆಚ್ಚು. ಯಂತ್ರದಿಂದ ರಭಸವಾಗಿ ತೊಳೆಸುವ ಬದಲು ಪ್ಯಾನ್ ಬಿಚ್ಚಿ ಬಸಿಯುವುದು ಹಳೆಯ ಪೆಟ್ಟಿಗೆಗೆ ಮೃದುವಾದ ದಾರಿ. ಒಂದು ಮಿತಿ ಇದೆ: ಹೀಗೆ ಬಸಿದರೆ ಸುಮಾರು ಅರ್ಧದಷ್ಟು ಮಾತ್ರ ಹೊರಬರುತ್ತದೆ, ಉಳಿದದ್ದು ಟಾರ್ಕ್ ಕನ್ವರ್ಟರ್ ಮತ್ತು ಕೂಲರ್‌ನಲ್ಲೇ ನಿಲ್ಲುತ್ತದೆ.

ಈ ಲೆಕ್ಕವನ್ನು ಅಂಗಡಿಯ ಕೌಂಟರಿನ ಮೇಲೆ ಬಿಲ್ಲಿನ ಹಿಂಬದಿಯಲ್ಲಿ ಮಾಡಿದ್ದು ಮಗಳೇ. ಒಂದು ಸಲ ಬಸಿದರೆ ಹಳೆಯದು 50 ಭಾಗ ಉಳಿಯುತ್ತದೆ. ಸ್ವಲ್ಪ ದಿನ ಓಡಿಸಿ ಮತ್ತೆ ಬಸಿದರೆ 25. ಮೂರನೆಯ ಸಲಕ್ಕೆ ಹನ್ನೆರಡೂವರೆ. "ಎಷ್ಟು ಸಲ ಮಾಡಿದ್ರೂ ಸೊನ್ನೆ ಆಗಲ್ಲಪ್ಪ" ಎಂದಳು. ಎರಡು ಸಲ ಸಾಕು ಎಂದು ಅಪ್ಪ ತೀರ್ಮಾನಿಸಿದರು. ಇದೇ ಲೆಕ್ಕ ಇನ್ನೊಂದನ್ನೂ ಹೇಳುತ್ತದೆ: ತಪ್ಪು ಎಣ್ಣೆ ಒಮ್ಮೆ ಒಳಗೆ ಹೋದರೆ ಅದನ್ನು ಹೊರಹಾಕುವುದೂ ಇಷ್ಟೇ ನಿಧಾನ.

ಅಂಗಡಿಯವರು ಒಳಗಿನ ಕಪಾಟಿನಿಂದ ಇನ್ನೊಂದು ಡಬ್ಬ ತಂದರು. ಧೂಳು ಒರೆಸಿ ಹಿಂಬದಿ ತೋರಿಸಿದರು. ಎಂಬಿ ಅಪ್ರೂವಲ್ 236.14. ಮೊದಲಿನದಕ್ಕಿಂತ ಬೆಲೆ ಹೆಚ್ಚು. ಅಪ್ಪ ಒಂದು ಕ್ಷಣ ಪರ್ಸು ಹಿಡಿದು ನಿಂತರು. ಪೆಟ್ಟಿಗೆಯ ರಿಪೇರಿಗೆ ಲಕ್ಷಗಳ ಲೆಕ್ಕ ಎಂದು ಮೆಕ್ಯಾನಿಕ್ ಹೇಳಿದ್ದು ನೆನಪಾಗಿ ದುಡ್ಡು ಎಣಿಸಿದರು.

ಉಳಿದದ್ದು ಗ್ಯಾರೇಜಿನ ಕೆಲಸ. ಎಷ್ಟು ಬಸಿಯಿತೆಂದು ಅಳತೆಯ ಪಾತ್ರೆಯಲ್ಲಿ ನೋಡಿ ಅಷ್ಟೇ ತುಂಬಬೇಕು. ಬಿಸಿಯಾದಾಗ ಎಣ್ಣೆ ಹಿಗ್ಗುವುದರಿಂದ ಕೊನೆಯ ಮಟ್ಟವನ್ನು ತಣ್ಣಗಿದ್ದಾಗ ನೋಡಿದರೆ ಪ್ರಯೋಜನವಿಲ್ಲ. ಈ ಪೆಟ್ಟಿಗೆಯಲ್ಲಿ ಎಂಜಿನ್ ಓಡುತ್ತಿರುವಾಗ, ಎಣ್ಣೆ 80 ಡಿಗ್ರಿಯಲ್ಲಿರುವಾಗ, ವರ್ಕ್‌ಶಾಪಿನ ಅಳತೆಕಡ್ಡಿ ಇಳಿಸಿ ನೋಡಬೇಕು. ಕಡಿಮೆಯಾದರೆ ಪಂಪು ಗಾಳಿ ಹೀರುತ್ತದೆ. ಹೆಚ್ಚಾದರೆ ತಿರುಗುವ ಚಕ್ರಗಳು ಎಣ್ಣೆಯನ್ನು ಮಜ್ಜಿಗೆ ಕಡೆದಂತೆ ಕಡೆದು ನೊರೆ ಮಾಡುತ್ತವೆ. ನೊರೆಗೆ ಒತ್ತಡ ಹೊರುವ ಶಕ್ತಿಯಿಲ್ಲ. "ಒಂದರ್ಧ ಲೀಟರ್ ಜಾಸ್ತಿನೇ ಇರ್ಲಿ ಬಿಡಿ ಸಾರ್" ಎಂದ ಮೆಕ್ಯಾನಿಕ್‌ಗೆ ಈ ಸಲ ಅಪ್ಪನೇ ಬೇಡ ಎಂದರು. ಬಸಿದ ಎಣ್ಣೆಯನ್ನು ಖಾಲಿ ಡಬ್ಬಗಳಿಗೆ ತುಂಬಿ, ಹಳೆಯ ಎಣ್ಣೆ ಕೊಳ್ಳುವ ಪರವಾನಗಿ ಇರುವವರಿಗೆ ಕೊಡಲೆಂದು ಮೂಲೆಯಲ್ಲಿ ಇಡಲಾಯಿತು. ಅದು ಕೆಂಪಾಗಿರಲಿಲ್ಲ, ಗಟ್ಟಿ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಸುಟ್ಟ ವಾಸನೆ ಮಾತ್ರ ಇರಲಿಲ್ಲ.